ಗೊಲ್ಗೊಥಾದ ಕವಿ ಗೋವಿಂದ ಪೈ

ನಮ್ಮ ಕಾಸರಗೋಡಿನ ನೆಲದಲ್ಲಿ ಬಾಳಿದ ಮಂಜೇಶ್ವರ ಗೋವಿಂದ ಪೈಗಳ ಹೆಸರನ್ನು ಕೇಳದ ವಿದ್ಯಾರ್ಥಿ ಇರಲಾರನು. ಆದರೆ ಅನ್ಯಮತದ ಮಹಾಪುರುಷರನ್ನು ಅವರು ಕಂಡ ಬಗೆಯನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

ಪೈಗಳು 1883ನೇ ಇಸವಿ ಮಾರ್ಚ್ 23ರಂದು ಜನಿಸಿದರು. ಮನೆಮಾತು ಕೊಂಕಣಿ, ಬರೆದದ್ದು ಕನ್ನಡದಲ್ಲಿ. ಮಂಗಳೂರಿನಲ್ಲಿ ಕಲಿತು ಮದರಾಸಿನ ಕಾಲೇಜಿಗೆ ಹೋದರು. ತಂದೆಯವರು ತೀರಿಕೊಂಡುದರಿಂದ ಪದವಿ ಪೂರ್ಣವಾಗಲಿಲ್ಲ. ಆದರೂ ಓದು ನಿಲ್ಲಲಿಲ್ಲ. ಮಂಜೇಶ್ವರದ ಮನೆಯಲ್ಲಿ ಕುಳಿತೇ ಇಪ್ಪತ್ತಕ್ಕೂ ಹೆಚ್ಚು ಭಾಷೆಗಳನ್ನು ಬಲ್ಲವರೆಂದು ಹೆಸರಾದರು. 1930ರಲ್ಲಿ ಅವರ ‘ಗಿಳಿವಿಂಡು’ ಕವನಸಂಕಲನ ಹೊರಬಂದಿತು.

ಅದೇ ದಶಕದಲ್ಲಿ ಅವರು ‘ಗೊಲ್ಗೊಥಾ’ ಎಂಬ ಖಂಡಕಾವ್ಯವನ್ನು ರಚಿಸಿದರು. ಗೊಲ್ಗೊಥಾ ಎಂಬುದು ಯೇಸುಕ್ರಿಸ್ತನನ್ನು ಶಿಲುಬೆಗೇರಿಸಿದ ಸ್ಥಳದ ಹೆಸರು. ಯೇಸುವಿನ ಕಡೆಯ ದಿನವೇ ಆ ಕಾವ್ಯದ ವಸ್ತು. ಪೈಗಳು ಗೌಡ ಸಾರಸ್ವತ ಮನೆತನದವರು, ಮತಾಂತರ ಹೊಂದಿದವರಲ್ಲ. ತಮ್ಮ ಮನೆಯ ದೇವರನ್ನು ಬಿಡದೆಯೇ ನೆರೆಯವರ ದೇವರ ನೋವಿಗೆ ಮರುಗಿದರು. ಮುಂದೆ ಬುದ್ಧನ ಅಂತ್ಯಕಾಲವನ್ನು ಕುರಿತು ‘ವೈಶಾಖಿ’ಯನ್ನು ಬರೆದರು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಯೇಸು ದೇವರನ್ನು ತಂದೆಯೆಂದು ಕರೆದವನು. ಬುದ್ಧನಾದರೋ ಸೃಷ್ಟಿಕರ್ತನನ್ನು ಆಧಾರವಾಗಿಟ್ಟುಕೊಂಡು ಬೋಧಿಸಿದವನಲ್ಲ. ಇಬ್ಬರ ದಾರಿಯೂ ಒಂದೇ ಎಂದು ಪೈಗಳು ಸುಲಭವಾಗಿ ಹೇಳಿ ಮುಗಿಸಲಿಲ್ಲ. ಒಬ್ಬೊಬ್ಬರಿಗೂ ಬೇರೆಯೇ ಕಾವ್ಯವನ್ನು ಬರೆದರು. ಬುದ್ಧನ ನಿರ್ವಾಣದ ಕಾಲವನ್ನು ಗೊತ್ತುಮಾಡಲು ಶ್ರಮಿಸಿದರು. ಜೈನ, ವೀರಶೈವ ಇತಿಹಾಸಗಳನ್ನೂ ಶೋಧಿಸಿದರು. ಅನ್ಯರ ಶ್ರದ್ಧೆಯನ್ನು ಗೌರವಿಸುವುದೆಂದರೆ ಅದನ್ನು ಸರಿಯಾಗಿ ತಿಳಿಯಲು ಕಷ್ಟಪಡುವುದೆಂದು ಅವರ ಬಾಳು ತೋರಿಸುತ್ತದೆ.

1949ರಲ್ಲಿ ಮದರಾಸು ಸರಕಾರ ಅವರನ್ನು ರಾಷ್ಟ್ರಕವಿಯೆಂದು ಗೌರವಿಸಿತು. 1951ರಲ್ಲಿ ಮುಂಬಯಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. 1963ರ ಸೆಪ್ಟೆಂಬರ್ 6ರಂದು ನಿಧನ ಹೊಂದಿದರು.

ನಮ್ಮ ಶಾಲೆಯಲ್ಲಿ ಹಿಂದೂ, ಮುಸಲ್ಮಾನ, ಕ್ರೈಸ್ತ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಹಬ್ಬದ ತಿಂಡಿಯನ್ನು ಹಂಚಿಕೊಂಡು ತಿನ್ನುತ್ತಾರೆ. ಆದರೆ ಆ ಹಬ್ಬ ಏತಕ್ಕೆಂದು ಗೆಳೆಯನನ್ನು ಕೇಳಿದವರು ಎಷ್ಟು ಮಂದಿ? ಅಧ್ಯಾಪಕರಾದ ನಾವೂ ಕೇಳಿದ್ದು ಕಡಿಮೆಯೇ. ವಿದ್ಯಾರ್ಥಿಗಳೇ, ಬರುವ ಹಬ್ಬಕ್ಕೆ ತಿಂಡಿಯ ಜೊತೆಗೆ ಅದರ ಕಥೆಯನ್ನೂ ಕೇಳಿ ತಿಳಿಯಿರಿ. ಪೈಗಳ ಊರಿನವರೆನಿಸಿಕೊಳ್ಳಲು ಅಷ್ಟಾದರೂ ನಾವು ಮಾಡಬೇಡವೇ?