ಅಸಲು ಬಿಟ್ಟುಹೋದ ತೋಟದಪ್ಪನವರು

ಹಾಸನ ಕಡೆಯ ಹಳಬರನ್ನು ಕೇಳಿ ನೋಡಿ. ಗುಬ್ಬಿ ತೋಟದಪ್ಪ ಎಂದರೆ ಅವರಿಗೆ ಮೊದಲು ನೆನಪಾಗುವುದು ಮನುಷ್ಯನಲ್ಲ, ಒಂದು ಛತ್ರ. ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ, ರೈಲು ನಿಲ್ದಾಣದ ಹತ್ತಿರವೇ ಇರುವ ಛತ್ರ. ಅಲ್ಲಿನ ರಸ್ತೆಗೂ ಅದೇ ಹೆಸರು. ಹೊಳೆನರಸೀಪುರದ ನಮ್ಮ ತಾತ ಕೋರ್ಟು, ಆಸ್ಪತ್ರೆ ಅಂತ ಬೆಂಗಳೂರಿಗೆ ಹೋದರೆ ಉಳಿದುಕೊಳ್ಳುತ್ತಿದ್ದದ್ದು ಅಲ್ಲೇ. ಲಾಡ್ಜಿಗೆ ದುಡ್ಡು ಕೊಡುವ ಶಕ್ತಿ ಇಲ್ಲದವರಿಗೆ ಆ ಊರಿನಲ್ಲಿ ಇದ್ದ ಒಂದು ಧೈರ್ಯ ಅದು.

ಆ ಹೆಸರಿನ ಮನುಷ್ಯ ಯಾರು ಎಂದು ಹುಡುಕುತ್ತಾ ಹೋದಾಗ ನನಗೆ ಸಿಕ್ಕಿದ್ದು ನಮ್ಮಂಥದೇ ಸಣ್ಣ ಪೇಟೆಯಿಂದ ಬಂದ ಒಬ್ಬ ವ್ಯಾಪಾರಿ. ತೋಟದಪ್ಪನವರು ಹುಟ್ಟಿದ್ದು 1838ರಲ್ಲಿ, ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ. ಅಡಿಕೆ, ತೆಂಗಿನ ಸೀಮೆಯ ಸಂತೆಯೂರು ಅದು. ನಾಟಕದ ಗುಬ್ಬಿ ವೀರಣ್ಣನವರಿಂದ ನಾಡಿಗೆಲ್ಲ ಹೆಸರಾದ ಗುಬ್ಬಿ. ತೋಟದಪ್ಪನವರದು ಲಿಂಗಾಯತ ಮನೆತನ. ಕುಟುಂಬ ಬೆಂಗಳೂರಿಗೆ ಬಂದು ಹಳೇ ಪೇಟೆಯ ಮಾಮೂಲುಪೇಟೆಯಲ್ಲಿ ವ್ಯಾಪಾರಕ್ಕೆ ಕುಳಿತಿತು. ವ್ಯಾಪಾರ ಕೈಹಿಡಿಯಿತು, ಆಸ್ತಿ ಬೆಳೆಯಿತು. ಆದರೆ ಅವರಿಗೆ ಮಕ್ಕಳಾಗಲಿಲ್ಲ.

ಆ ಕಾಲದ ಬೆಂಗಳೂರನ್ನು ಸ್ವಲ್ಪ ಊಹಿಸಿಕೊಳ್ಳಿ. ಮದ್ರಾಸಿನ ಕಡೆಯಿಂದ 1864ರಲ್ಲೇ ದಂಡು ಪ್ರದೇಶಕ್ಕೆ ರೈಲು ಬಂದಿತ್ತು. 1880ರ ದಶಕದಲ್ಲಿ ಮೈಸೂರಿನ ಕಡೆಗೂ ತುಮಕೂರಿನ ಕಡೆಗೂ ಹಳಿ ಬಿತ್ತು. ಅಲ್ಲಿಯವರೆಗೆ ಗಾಡಿ ಕಟ್ಟಿಕೊಂಡು ಬರುತ್ತಿದ್ದ ಜನ ದಾರಿಯುದ್ದಕ್ಕೂ ಇದ್ದ ಛತ್ರ, ಮಂಟಪ, ನೆಂಟರ ಮನೆಗಳಲ್ಲಿ ತಂಗಿ ತಂಗಿ ಊರು ಮುಟ್ಟುತ್ತಿದ್ದರು. ರೈಲು ಹಾಗಲ್ಲ. ನೂರಾರು ಜನರನ್ನು ಒಂದೇ ಸಲ, ಗೊತ್ತಿಲ್ಲದ ಊರಿನಲ್ಲಿ, ಹೊತ್ತಲ್ಲದ ಹೊತ್ತಿನಲ್ಲಿ ಇಳಿಸಿ ಮುಂದೆ ಹೋಗಿಬಿಡುತ್ತದೆ. ಇಳಿದವರು ಗಂಟುಮೂಟೆ, ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗಬೇಕು? ಹೀಗೆ ಬಂದವರು ಉಳಿಯಲು ಜಾಗವಿಲ್ಲದೆ ಪಡುತ್ತಿದ್ದ ಪಾಡು ತೋಟದಪ್ಪನವರ ಕಣ್ಣಿಗೆ ಬಿತ್ತು.

ಇಲ್ಲಿಂದ ಅವರು ನಡೆದುಕೊಂಡ ರೀತಿ ನನಗೆ ತುಂಬ ಇಷ್ಟ. ಮರುಕಪಟ್ಟು ನಾಲ್ಕು ಜನಕ್ಕೆ ಊಟ ಹಾಕಿ ಸುಮ್ಮನಾಗಬಹುದಿತ್ತು. ದೂರದಲ್ಲಿ ಎಲ್ಲೋ ಅಗ್ಗಕ್ಕೆ ಸಿಕ್ಕ ಜಾಗದಲ್ಲಿ ಛತ್ರ ಕಟ್ಟಬಹುದಿತ್ತು. ಅವರು 1897ರಲ್ಲಿ ರೈಲ್ವೆ ಇಲಾಖೆಯಿಂದಲೇ, ಸಿಟಿ ನಿಲ್ದಾಣದ ಹತ್ತಿರ, ಎರಡೂವರೆ ಎಕರೆ ಜಾಗ ಕೊಂಡರು. ಕಷ್ಟ ಎಲ್ಲಿದೆಯೋ ಪರಿಹಾರವೂ ಅಲ್ಲೇ ಇರಬೇಕು. ಇದನ್ನು ನಾವು ಬಿ.ಇ. ತರಗತಿಯಲ್ಲಿ ದೊಡ್ಡ ಹೆಸರಿಟ್ಟು ಓದುತ್ತೇವೆ. ಮಾಮೂಲುಪೇಟೆಯ ವ್ಯಾಪಾರಿಗೆ ಅದು ಲೋಕಜ್ಞಾನದಿಂದಲೇ ಹೊಳೆದಿತ್ತು. ಇವತ್ತು ಬಸ್ಸುಗಳು ನಿಲ್ಲುವ ಮೆಜೆಸ್ಟಿಕ್‌ನಲ್ಲಿ ಆಗ ಧರ್ಮಾಂಬುಧಿ ಕೆರೆ ಇತ್ತು. ಕೆರೆಯ ಆಸುಪಾಸಿನಲ್ಲಿ, ರೈಲಿನಿಂದ ಇಳಿದವರು ನಡೆದೇ ತಲುಪುವಷ್ಟು ಹತ್ತಿರದಲ್ಲಿ ಛತ್ರದ ಕೆಲಸ ಶುರುವಾಯಿತು.

ಜಾಗ ಕೊಂಡ ಮರುವರ್ಷವೇ, 1898ರಲ್ಲಿ, ಬೆಂಗಳೂರಿಗೆ ಪ್ಲೇಗ್ ಬಂತು. ಸಾವಿರಾರು ಜನ ಸತ್ತರು. ಪೇಟೆಯ ಇಕ್ಕಟ್ಟಾದ ಬೀದಿಗಳಿಂದ ಜನ ಮನೆಬಿಟ್ಟು ಬಯಲಿಗೆ ಹೋದರು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ತಲೆಯೆತ್ತಿದ್ದು ಆ ಹೊಡೆತದ ನಂತರವೇ. ಅಂಥ ದಿನಗಳನ್ನು ದಾಟಿ 1903ರ ಫೆಬ್ರವರಿ 11ರಂದು ಛತ್ರದ ಬಾಗಿಲು ತೆರೆಯಿತು. ಉದ್ಘಾಟಿಸಿದವರು ನಾಲ್ವಡಿ ಕೃಷ್ಣರಾಜ ಒಡೆಯರ್. ಅವರು ರಾಜ್ಯಾಧಿಕಾರ ವಹಿಸಿಕೊಂಡು ಆಗಿನ್ನೂ ಆರು ತಿಂಗಳಾಗಿತ್ತು, ವಯಸ್ಸು ಹದಿನೆಂಟು. ತೋಟದಪ್ಪನವರಿಗೆ ಅರವತ್ತು ದಾಟಿತ್ತು.

ಎರಡು ವರ್ಷಕ್ಕೆ, 1905ರಲ್ಲಿ, ವಿದ್ಯಾರ್ಥಿಗಳಿಗಾಗಿ ಉಚಿತ ನಿಲಯವೂ ಆರಂಭವಾಯಿತು. ಇದರ ಬೆಲೆ ಗೊತ್ತಾಗಬೇಕಾದರೆ ಆಗಿನ ನಮ್ಮೂರುಗಳ ಸ್ಥಿತಿ ನೋಡಬೇಕು. 1905ರಲ್ಲಿ ಹಾಸನಕ್ಕೆ ರೈಲಿರಲಿಲ್ಲ. ಅರಸೀಕೆರೆ ಮೈಸೂರು ಹಳಿ ಹಾಸನ, ಹೊಳೆನರಸೀಪುರಗಳನ್ನು ಮುಟ್ಟಿದ್ದು ಅದಾಗಿ ಹತ್ತು ವರ್ಷ ಕಳೆದ ಮೇಲೆ. ಚನ್ನರಾಯಪಟ್ಟಣದ ಮೇಲೆ ಬೆಂಗಳೂರಿಗೆ ನೇರ ರೈಲು ಬಂದಿದ್ದಂತೂ 2017ರಲ್ಲಿ. ಅರಕಲಗೂಡಿನ ಹುಡುಗನೊಬ್ಬ ಕಾಲೇಜು ಓದಬೇಕೆಂದರೆ ಗಾಡಿಯಲ್ಲಿ ಅರಸೀಕೆರೆವರೆಗೆ ಹೋಗಿ ಅಲ್ಲಿಂದ ರೈಲು ಹಿಡಿಯಬೇಕು. ಹೋದರೂ ಬೆಂಗಳೂರಿನಲ್ಲಿ ಅನ್ನಕ್ಕೂ ಸೂರಿಗೂ ದಾರಿ ಬೇಕು. ಸೆಂಟ್ರಲ್ ಕಾಲೇಜು 1858ರಿಂದಲೂ ಇತ್ತು. ಆದರೆ ಕಾಲೇಜು ಇದ್ದ ಮಾತ್ರಕ್ಕೆ ಬಡವರ ಮಕ್ಕಳು ಓದುವುದಿಲ್ಲ. ರಾತ್ರಿ ಮಲಗಲು ಜಾಗ ಇದ್ದರೆ ಓದುತ್ತಾರೆ. ಹಾಸ್ಟೆಲ್ಲಿನಲ್ಲಿದ್ದು ಓದಿದ ಯಾರನ್ನಾದರೂ ಕೇಳಿ, ಹೌದು ಎನ್ನುತ್ತಾರೆ.

ಅದು ಒಬ್ಬರ ಯೋಚನೆಯಷ್ಟೇ ಆಗಿರಲಿಲ್ಲ, ಕಾಲವೇ ಹಾಗಿತ್ತು. ಜನೋಪಕಾರಿ ದೊಡ್ಡಣ್ಣ ಶೆಟ್ಟರು ಬೆಂಗಳೂರಿನಲ್ಲಿ ವಿದ್ಯಾಸಂಸ್ಥೆ ಕಟ್ಟಿದ್ದು, ಒಕ್ಕಲಿಗರ ಸಂಘ ಹುಟ್ಟಿದ್ದು ಎರಡೂ 1906ರಲ್ಲಿ. ಒಂದೊಂದು ಸಮುದಾಯವೂ ತನ್ನ ಮಕ್ಕಳನ್ನು ಓದಿಸಲು ಹೊರಟ ದಿನಗಳವು. ಜಾತಿಗೊಂದು ಹಾಸ್ಟೆಲ್ ಯಾಕೆ ಎಂದು ಇವತ್ತು ನಮ್ಮ ವಯಸ್ಸಿನವರು ಕೇಳುತ್ತೇವೆ. ಕೇಳಲೇಬೇಕಾದ ಪ್ರಶ್ನೆ ಅದು. ಆದರೆ ಆ ಹಾಸ್ಟೆಲ್ಲುಗಳೇ ಇಲ್ಲದಿದ್ದರೆ ನಮ್ಮ ಜಿಲ್ಲೆಯ ಎಷ್ಟು ಮನೆಗಳಲ್ಲಿ ಮೊದಲ ಪದವೀಧರ ಹುಟ್ಟುತ್ತಿದ್ದ ಎಂಬುದನ್ನೂ ಕೇಳಬೇಕು.

ಮಹಾರಾಜರು ತೋಟದಪ್ಪನವರಿಗೆ ಧರ್ಮಪ್ರವರ್ತ ಎಂಬ ಬಿರುದು ಕೊಟ್ಟರು. 1910ರಲ್ಲಿ ಬ್ರಿಟಿಷ್ ಸರ್ಕಾರ ರಾವ್ ಬಹದ್ದೂರ್ ಎಂದಿತು. ಆದರೆ ಅವರ ಬದುಕಿನ ದೊಡ್ಡ ಕೆಲಸ ಬಿರುದಿನಲ್ಲಿಲ್ಲ, ಕಾಗದಪತ್ರದಲ್ಲಿದೆ. ಕೊನೆಗಾಲ ಹತ್ತಿರವಾಗುವ ಮೊದಲೇ ಒಂದು ಧರ್ಮಸಂಸ್ಥೆ ಮಾಡಿ, ತಮ್ಮ ಆಸ್ತಿಯೆಲ್ಲವನ್ನೂ ಅದರ ಹೆಸರಿಗೆ ಬರೆದರು. ಅದರ ಮೊದಲ ಅಧ್ಯಕ್ಷರಾಗಿ ಕೆ.ಪಿ. ಪುಟ್ಟಣ್ಣ ಚೆಟ್ಟಿಯವರನ್ನು ನೇಮಿಸಿದರು. ಬೆಂಗಳೂರಿನ ಪುರಭವನಕ್ಕೆ ಹೆಸರಿದೆಯಲ್ಲ, ಅದೇ ಪುಟ್ಟಣ್ಣ ಚೆಟ್ಟಿಯವರು. ಆಡಳಿತ ಬಲ್ಲವರು, ಸ್ವತಃ ದಾನಿಗಳು. 1910ರ ಫೆಬ್ರವರಿ 21ರಂದು, ಎಪ್ಪತ್ತೆರಡನೆಯ ವಯಸ್ಸಿನಲ್ಲಿ, ತೋಟದಪ್ಪನವರು ತೀರಿಕೊಂಡರು. ಮರುದಿನವೂ ಛತ್ರದ ಬಾಗಿಲು ತೆರೆಯಲು ಬೇಕಾದ ಏರ್ಪಾಡನ್ನು ಅವರು ಮಾಡಿಯೇ ಹೋಗಿದ್ದರು.

ನನಗೆ ಇದು ಯಾಕೆ ಮುಖ್ಯ ಅನ್ನಿಸಿತು ಎಂದು ಹೇಳುತ್ತೇನೆ. ನಮ್ಮೂರುಗಳಲ್ಲಿ ಕೊಡುವ ಕೈಗೆ ಬರವಿಲ್ಲ. ಹೊಳೆನರಸೀಪುರದಲ್ಲಿ ತೇರಿನ ದಿನ ಪಾನಕ, ಮಜ್ಜಿಗೆ ಹಂಚುವವರು ಎಷ್ಟು ಜನ! ರಾಮನವಮಿಯ ದಿನ ಬೀದಿಗೊಂದು ಅರವಂಟಿಗೆ. ಅನ್ನಸಂತರ್ಪಣೆಗೆ ಒಬ್ಬರು ಅಕ್ಕಿ ಮೂಟೆ ಇಳಿಸಿದರೆ ಇನ್ನೊಬ್ಬರು ಬೇಳೆ, ಬೆಲ್ಲ. ಕಳೆದ ವರ್ಷ ನಮ್ಮ ತರಗತಿಯ ಗೆಳೆಯನೊಬ್ಬನ ತಂದೆ ಹಾಸಿಗೆ ಹಿಡಿದರು. ಹಾಸ್ಟೆಲ್ ಶುಲ್ಕ ಕಟ್ಟಲಾಗದೆ ಅವನು ಓದು ಬಿಡಲು ಹೊರಟಾಗ, ಚನ್ನರಾಯಪಟ್ಟಣದಲ್ಲಿ ಅವನ ತಂದೆಯನ್ನು ಬಲ್ಲ ತೆಂಗಿನಕಾಯಿ ಮಂಡಿಯವರು, ಅಂಗಡಿಯವರು ಒಂದೇ ಸಂಜೆಯಲ್ಲಿ ದುಡ್ಡು ಹೊಂದಿಸಿದರು. ಯಾರೂ ಹೆಸರು ಬರೆಸಲಿಲ್ಲ. ಅವನು ಆ ವರ್ಷ ಪಾಸಾದ. ಈ ವರ್ಷ ಮತ್ತೆ ಶುಲ್ಕ ಕಟ್ಟುವ ದಿನ ಬಂತು. ಕೊಟ್ಟವರನ್ನೇ ಮತ್ತೆ ಕೇಳಲು ಅವನಿಗೆ ಬಾಯಿ ಬರಲಿಲ್ಲ. ಈಗ ರಾತ್ರಿ ಹೊತ್ತು ಬೇಕರಿಯಲ್ಲಿ ಕೆಲಸ ಮಾಡಿ ಬೆಳಗ್ಗೆ ತರಗತಿಯಲ್ಲಿ ತೂಕಡಿಸುತ್ತಾನೆ.

ಕೊಟ್ಟವರ ಮನಸ್ಸಿನಲ್ಲಿ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಏರ್ಪಾಡಿನಲ್ಲಿ. ಕೊಟ್ಟ ದುಡ್ಡು ಒಂದು ಸೆಮಿಸ್ಟರಿಗೆ ಕರಗಿಹೋಯಿತು, ಅಸಲು ಅಂತ ಏನೂ ಉಳಿಯಲಿಲ್ಲ.

ಅಸಲನ್ನು ಮುಟ್ಟದೆ ದಾನ ನಡೆಸುವ ಬುದ್ಧಿ ನಮಗೇನೂ ಹೊಸದಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನಲ್ಲೇ ಇರುವ ಶ್ರವಣಬೆಳಗೊಳದ ಶಾಸನಗಳಲ್ಲಿ ಅದು ಇದೆ. ಹದಿಮೂರನೆಯ ಶತಮಾನದ ಭಕ್ತರು ಗೊಮ್ಮಟಸ್ವಾಮಿಯ ಅಭಿಷೇಕಕ್ಕೆಂದು ಒಂದಿಷ್ಟು ಗದ್ಯಾಣ ಇಟ್ಟು, ಅದರ ಬಡ್ಡಿಯಲ್ಲಿ ದಿನವೂ ಹಾಲು ಒದಗಿಸಬೇಕೆಂದು ಕಲ್ಲಿನಲ್ಲಿ ಬರೆಸಿದರು. ಅಲ್ಲೇ ಹದಿನೇಳನೆಯ ಶತಮಾನದ ಚೆನ್ನಣ್ಣ ಎಂಬವರು ಕಟ್ಟಿಸಿದ ಕೊಳ ಇಂದಿಗೂ ಅವರ ಹೆಸರಲ್ಲೇ ಇದೆ. ತೋಟದಪ್ಪನವರು ಮಾಡಿದ್ದೂ ಅದನ್ನೇ. ಹಳೆಯ ದತ್ತಿಯ ಬುದ್ಧಿಯನ್ನು ರೈಲು ಬಂದ ಕಾಲಕ್ಕೆ ಹೊಂದಿಸಿದರು. ಅವರು ದಾನ ಕೊಟ್ಟದ್ದು ಎದುರಿಗಿದ್ದವರಿಗೆ ಮಾತ್ರವಲ್ಲ, ಇನ್ನೂ ಹುಟ್ಟದಿದ್ದವರಿಗೆ. ನಮ್ಮ ತಾತನಂಥವರಿಗೆ.

ನಮ್ಮ ತರಗತಿಯಲ್ಲಿ ಹದಿನಾಲ್ಕು ಜನ ಸೇರಿ ಒಂದು ಲೆಕ್ಕ ಹಾಕಿದ್ದೇವೆ. ತಿಂಗಳಿಗೆ ತಲಾ 100 ರೂಪಾಯಿ ಎಂದರೆ ವರ್ಷಕ್ಕೆ 16,800. ಅದನ್ನು ಮುಟ್ಟದೆ ಇಟ್ಟು ನೂರಕ್ಕೆ ಏಳರಂತೆ ಬಡ್ಡಿ ಹಿಡಿದರೂ ಬರುವುದು 1,176 ರೂಪಾಯಿ. ಹಾಸ್ಟೆಲ್ ಶುಲ್ಕಕ್ಕೆ ಎಲ್ಲಿಯ ಸಾಟಿ? ಒಬ್ಬರಿಗೆ ಎರಡು ಪುಸ್ತಕ ಬರಬಹುದು, ಅಷ್ಟೇ. ಆದರೆ ಹತ್ತು ವರ್ಷ ಹೀಗೇ ಕೂಡಿಸುತ್ತಾ ಹೋದರೆ, ಕೆಲಸ ಸಿಕ್ಕ ಮೇಲೆ ನೂರು ಸಾವಿರವಾದರೆ, ಮಂಡಿಯವರೂ ಅಂಗಡಿಯವರೂ ಒಂದು ಸಂಜೆ ಕೊಡುವುದನ್ನು ಅಸಲಿಗೆ ಸೇರಿಸಿದರೆ, ಲೆಕ್ಕವೇ ಬೇರೆಯಾಗುತ್ತದೆ. ಹಾಸನ, ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ, ಪ್ರತಿ ಊರಿನಲ್ಲೂ ಇಂಥದೊಂದು ಗಂಟು ಇರಬಾರದೇಕೆ? ಜಾತಿ ಕೇಳದೆ ಅಂಕಪಟ್ಟಿ ಮತ್ತು ಕಷ್ಟ ಎರಡನ್ನೇ ನೋಡಿ ಕೊಡುವಂಥದ್ದು.

ಎರಡೂವರೆ ಎಕರೆ ಕೊಳ್ಳುವ ಶಕ್ತಿ ನಮಗಿಲ್ಲ. ಖಾತೆ ತೆರೆಯುವ ಶಕ್ತಿ ಇದೆ. ಮುಂದಿನ ವಾರ ಅಂಚೆ ಕಚೇರಿಗೆ ಹೋಗುವುದೆಂದು ತೀರ್ಮಾನವಾಗಿದೆ. ಬೇಕರಿಯ ಗೆಳೆಯನೂ ತನ್ನ 100 ರೂಪಾಯಿ ಕೊಟ್ಟಿದ್ದಾನೆ.