ಹಿರೇಕೊಡಿಗೆಯ ಹುಡುಗ

ಕಳಸದ ಕನ್ನಡ ಮಾಧ್ಯಮದಿಂದ ಬಿ.ಇ.ಗೆ ಬಂದ ನಾನು ಮೊದಲ ಸೆಮಿಸ್ಟರ್ ಪೂರ್ತಿ ಕೊನೆ ಬೆಂಚಿನಲ್ಲೇ ಕೂತೆ. ಇಂಗ್ಲಿಷ್ ತಪ್ಪಿದರೆ ನಗುತ್ತಾರೆಂದು ಡೌಟ್ ಕೇಳಲಿಲ್ಲ. ಮ್ಯಾಥ್ಸ್ ಬ್ಯಾಕ್ ಉಳಿಯಿತು. ರಜೆಯಲ್ಲಿ ಕುವೆಂಪು ಅವರ ಜೀವನ ಓದಿದೆ.

ಊರು ಕುಪ್ಪಳಿಯಾದರೂ ಅವರು 1904ರಲ್ಲಿ ಹುಟ್ಟಿದ್ದು ನಮ್ಮ ಜಿಲ್ಲೆಯ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. (ಇದನ್ನು ಹೇಳದಿದ್ದರೆ ನಮ್ಮ ಕಡೆಯವರಿಗೆ ಸಮಾಧಾನವಿಲ್ಲ!) ಓದಲು ಮೈಸೂರಿಗೆ ಹೋದ ಹುಡುಗ ಮೊದಮೊದಲು ಕವಿತೆ ಬರೆದದ್ದು ಇಂಗ್ಲಿಷಿನಲ್ಲಿ. ಅದನ್ನು ನೋಡಿದ ಐರಿಷ್ ಕವಿ ಜೇಮ್ಸ್ ಕಸಿನ್ಸ್, ತಾಯ್ನುಡಿಯಲ್ಲೇ ಬರೆಯುವಂತೆ ಸಲಹೆ ಕೊಟ್ಟರು. 1929ರಲ್ಲಿ ಎಂ.ಎ. ಮುಗಿಸಿ ಮಹಾರಾಜ ಕಾಲೇಜಿನಲ್ಲೇ ಅಧ್ಯಾಪಕರಾದರು, ಮುಂದೆ ಅಲ್ಲೇ ಪ್ರಿನ್ಸಿಪಾಲ್. 1956ರಲ್ಲಿ ತಾವು ಓದಿದ ಮೈಸೂರು ವಿಶ್ವವಿದ್ಯಾನಿಲಯಕ್ಕೇ ಉಪಕುಲಪತಿ.

ಆ ಕುರ್ಚಿಯಲ್ಲಿ ಕೂತು ಮಾಡಿದ್ದು ನನ್ನಂಥವರ ಕೆಲಸ. ಹಳ್ಳಿ ಮಕ್ಕಳು ಫೇಲಾಗುವುದು ಬುದ್ಧಿ ಸಾಲದೆ ಅಲ್ಲ, ಕಡ್ಡಾಯ ಇಂಗ್ಲಿಷಿನಿಂದ ಎಂಬುದು ಅವರ ವಾದ. ಕಾಲೇಜಿನಲ್ಲೂ ಕನ್ನಡದಲ್ಲಿ ಪಾಠ ನಡೆಯಲೆಂದು ಹಟ ಹಿಡಿದರು, ಕನ್ನಡದಲ್ಲಿ ಪಠ್ಯಪುಸ್ತಕ ತರಿಸಲು ಹೊರಟರು. ಮಾನಸಗಂಗೋತ್ರಿ ಕ್ಯಾಂಪಸ್ಸೂ ಅವರ ಕನಸೇ. 1960ರಲ್ಲಿ ನಿವೃತ್ತರಾದರು.

ಬ್ಯಾಕ್ ಪೇಪರ್‌ಗೆ ನೋಟ್ಸಿನ ಅಂಚಿನಲ್ಲಿ ಕನ್ನಡದಲ್ಲಿ ಅರ್ಥ ಬರೆದುಕೊಂಡು ಓದಿದೆ, ಪಾಸಾಯಿತು. ಈಗ ಎರಡನೇ ಬೆಂಚು. ಡೌಟ್ ಕೇಳುತ್ತೇನೆ, ಅರ್ಧ ಕನ್ನಡದಲ್ಲೇ. ಮೊನ್ನೆ ಹಿಂದಿನಿಂದ ಇನ್ನೊಬ್ಬನೂ ಹಾಗೇ ಕೇಳಿದ.