ಕಾವೇರಿಯ ನೀರಿಗೆ ಹೊಸ ಕೆಲಸ ಕೊಟ್ಟ ದಿವಾನರು

ಮಕ್ಕಳೇ, ನಮ್ಮ ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನಲ್ಲಿರುವ ಗಗನಚುಕ್ಕಿ ಜಲಪಾತವನ್ನು ನೋಡಿದ್ದೀರಾ? ಅಲ್ಲಿ ಧುಮುಕುವ ನೀರಿನ ಶಕ್ತಿಯನ್ನು ಕೆಲಸಕ್ಕೆ ಹಚ್ಚಲು ಮುಂದಾದವರು ಮೈಸೂರು ಸಂಸ್ಥಾನದ ದಿವಾನರಾಗಿದ್ದ ಸರ್ ಕೆ. ಶೇಷಾದ್ರಿ ಅಯ್ಯರ್.

ಅವರು ಹುಟ್ಟಿದ್ದು 1845ರಲ್ಲಿ, ಇಂದಿನ ಕೇರಳದ ಪಾಲಕ್ಕಾಡ್ ಬಳಿ. ಮದರಾಸಿನಲ್ಲಿ ಓದಿ, 1868ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದರು. 1883ರಲ್ಲಿ ದಿವಾನರಾದರು.

ಆಗ ಕೋಲಾರದ ಚಿನ್ನದ ಗಣಿಗಳಲ್ಲಿ ಯಂತ್ರಗಳು ಉಗಿಯಿಂದ ನಡೆಯುತ್ತಿದ್ದವು. ಉಗಿಗಾಗಿ ಸೌದೆ, ಕಲ್ಲಿದ್ದಲು ಸುಡಬೇಕು. ಸುಟ್ಟದ್ದು ಮುಗಿದೇ ಹೋಗುತ್ತದೆ. ಆದರೆ ನದಿಗೆ ಪ್ರತಿ ಮಳೆಗಾಲದಲ್ಲೂ ಹೊಸ ನೀರು ಬರುತ್ತದೆ! ಶಿವನಸಮುದ್ರದಲ್ಲಿ ವಿದ್ಯುತ್ ತಯಾರಿಸಿ ಗಣಿಗೆ ಕಳುಹಿಸುವ ಯೋಜನೆಯನ್ನು ಎಂಜಿನಿಯರ್ ಡಿ ಲಾಟ್ಬಿನಿಯರ್ ರೂಪಿಸಿದರು. ಶೇಷಾದ್ರಿ ಅಯ್ಯರ್ ಅವರ ಬೆನ್ನಿಗೆ ನಿಂತರು.

ಇದು ಸುಲಭದ ಕೆಲಸವಾಗಿರಲಿಲ್ಲ. ಅಮೆರಿಕದ ನಯಾಗರಾ ಜಲಪಾತದಿಂದ 1896ರಲ್ಲಿ ಬಫಲೋ ನಗರಕ್ಕೆ ವಿದ್ಯುತ್ ಸಾಗಿದ್ದು ಸುಮಾರು 40 ಕಿ.ಮೀ. ದೂರ. ಶಿವನಸಮುದ್ರದಿಂದ ಕೋಲಾರದ ಗಣಿಗೆ ಸುಮಾರು 147 ಕಿ.ಮೀ.! ಅಷ್ಟು ದೂರ ಕಂಬ ನೆಟ್ಟು ತಂತಿ ಎಳೆಯಬೇಕಿತ್ತು. ಯಂತ್ರಗಳು ಅಮೆರಿಕ ಮತ್ತು ಸ್ವಿಟ್ಜರ್ಲೆಂಡ್‌ನಿಂದ ಬರಬೇಕಿತ್ತು.

ಕೆಲಸ ಹೇಗೆ ನಡೆಯಿತು ಗೊತ್ತೇ? ನದಿಯ ನೀರನ್ನು ನಾಲೆಗೆ ತಿರುಗಿಸಿ, ದಪ್ಪ ಕೊಳವೆಗಳ ಮೂಲಕ ಸುಮಾರು 400 ಅಡಿ ಕೆಳಕ್ಕೆ ಇಳಿಸಿದರು. ನೀರಿನ ರಭಸಕ್ಕೆ ಟರ್ಬೈನ್ ಎಂಬ ಚಕ್ರ ತಿರುಗಿತು. ಅದರೊಂದಿಗೆ ತಿರುಗಿದ ಜನರೇಟರ್ ವಿದ್ಯುತ್ತನ್ನು ಉತ್ಪಾದಿಸಿತು.

1902ರ ಜೂನ್ 30ರಂದು ಕಾವೇರಿಯ ವಿದ್ಯುತ್ ಕೋಲಾರದ ಗಣಿಯನ್ನು ತಲುಪಿತು. ಆದರೆ ಅದನ್ನು ಕಣ್ತುಂಬಿಕೊಳ್ಳಲು ಶೇಷಾದ್ರಿ ಅಯ್ಯರ್ ಇರಲಿಲ್ಲ. ಅನಾರೋಗ್ಯದಿಂದ ದಿವಾನಗಿರಿ ಬಿಟ್ಟಿದ್ದ ಅವರು 1901ರ ಸೆಪ್ಟೆಂಬರ್‌ನಲ್ಲೇ ತೀರಿಕೊಂಡಿದ್ದರು. 1905ರಲ್ಲಿ ಇದೇ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿದೀಪಗಳು ಬೆಳಗಿದವು.

ಬೇಸಿಗೆಯಲ್ಲಿ ನದಿ ಸೊರಗಿದರೆ ವಿದ್ಯುತ್ತೂ ಕಡಿಮೆಯಾಗುತ್ತಿತ್ತು. ನಮ್ಮ ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಆರಂಭವಾದದ್ದಕ್ಕೆ ನೀರಾವರಿಯ ಜೊತೆಗೆ ಇದೂ ಒಂದು ಕಾರಣ. ಕಟ್ಟೆಯಲ್ಲಿ ನಿಂತ ನೀರು ಬೇಸಿಗೆಯಲ್ಲೂ ಟರ್ಬೈನ್ ತಿರುಗಿಸಬಲ್ಲದು.

ಇಂದು ಚಿತ್ರದುರ್ಗ, ಗದಗ ಜಿಲ್ಲೆಗಳ ಗುಡ್ಡಗಳ ಮೇಲೆ ದೊಡ್ಡ ದೊಡ್ಡ ಗಾಳಿಯಂತ್ರಗಳು ತಿರುಗುತ್ತಿವೆ. ಅವುಗಳಲ್ಲೂ ಜನರೇಟರ್ ಇದೆ. ನೀರಿನ ಬದಲು ಗಾಳಿ ಅದನ್ನು ತಿರುಗಿಸುತ್ತದೆ, ಅಷ್ಟೇ. ನೀರಿನಂತೆಯೇ ಗಾಳಿಯೂ ಮುಗಿದುಹೋಗದ ಶಕ್ತಿಮೂಲ.

ಯೋಚಿಸಿ: ನೀರನ್ನು ಕಟ್ಟೆ ಕಟ್ಟಿ ನಿಲ್ಲಿಸಬಹುದು. ಗಾಳಿಯನ್ನು ಹಾಗೆ ಕೂಡಿಡಲಾಗದು. ಹಾಗಾದರೆ ಗಾಳಿ ಬೀಸದ ದಿನ ವಿದ್ಯುತ್ತಿಗೆ ಏನು ಮಾಡಬೇಕು? ಗೆಳೆಯರೊಂದಿಗೆ ಚರ್ಚಿಸಿ, ನಿಮ್ಮ ಉತ್ತರವನ್ನು ಶಿಕ್ಷಕರಿಗೆ ತಿಳಿಸಿ.